ಅಥಾಬಾಸ್ಕಾ ಜಲಪಾತ: ಎತ್ತರ ಕೇಳಿ ಮೂಗು ಮುರಿಯಬೇಡಿ

ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿರುವ ಈ ಜಲಪಾತದ ಎತ್ತರ ಸುಮಾರು 23 ಮೀಟರ್, ಅಷ್ಟೇ. ಜೋಗ ನೋಡಿದ ಕಣ್ಣಿಗೆ ಇದೇನು ಮಹಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಪಾರ್ಕಿಂಗ್ ಜಾಗದಲ್ಲೇ ಮೊರೆತ ಕಿವಿಗೆ ಬೀಳುವ ತನಕ. ಕೊಲಂಬಿಯಾ ಹಿಮರಾಶಿಯ ಕಡೆಯಿಂದ ಅಗಲವಾಗಿ ಹರಿದು ಬರುವ ನದಿ ಇಲ್ಲಿ ಇಕ್ಕಟ್ಟಾದ ಕಲ್ಲಿನ ಸಂದಿಯೊಳಗೆ ಒಮ್ಮೆಲೇ ನುಗ್ಗುತ್ತದೆ. ಜೂನ್, ಜುಲೈನಲ್ಲಂತೂ ಹಿಮ ಕರಗಿದ ನೀರು ಜಾಸ್ತಿ.

ನಾವು ಮಾಡಿದ ತಪ್ಪು, ಜುಲೈನಲ್ಲಿ ನಡುಮಧ್ಯಾಹ್ನ ಹೋಗಿದ್ದು. ಸಾಲುಸಾಲು ಬಸ್ಸು. ಮೂರು ಸುತ್ತು ಹಾಕಿದರೂ ಕಾರಿಗೆ ಜಾಗ ಸಿಗಲಿಲ್ಲ. ಸುಮ್ನೆ ಕಾಯುವುದೇಕೆ ಅಂತ ಇನ್ನೂ ದಕ್ಷಿಣಕ್ಕಿರುವ ಸನ್‌ವಾಪ್ಟಾ ಜಲಪಾತ ನೋಡಿಕೊಂಡು ಸಂಜೆ ಏಳಕ್ಕೆ ವಾಪಸ್ ಬಂದೆವು. ಆಗ ಜನವೇ ಕಡಿಮೆ. ಬೇಸಿಗೆಯಲ್ಲಿ ಒಂಬತ್ತರ ನಂತರವೂ ಬೆಳಕಿರುತ್ತದೆ, ಹಾಗಾಗಿ ಅವಸರವಿಲ್ಲ.

ಹೆಚ್ಚಿನವರು ಜಲಪಾತ ನೋಡುವ ಮೊದಲ ಕಟ್ಟೆಯಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಸೇತುವೆ ದಾಟಿ, ಮೆಟ್ಟಿಲಿಳಿದು ಹಳೆಯ ಹರಿವಿನ ದಾರಿಗೆ ಹೋಗಿ. ನದಿ ಎಂದೋ ಬಿಟ್ಟುಹೋದ ಕಾಲುವೆ ಅದು. ಎರಡೂ ಕಡೆ ಕಲ್ಲಿನ ಗೋಡೆ. ಸುಳಿಗೆ ಸಿಕ್ಕ ಕಲ್ಲುಗಳು ಗಿರಗಿರ ತಿರುಗಿ ಕೊರೆದ ಕುಳಿಗಳು ಥೇಟ್ ನಮ್ಮ ಒರಳುಕಲ್ಲಿನ ಒಳಮೈ. ಕೈಯಿಟ್ಟು ನೋಡಿದೆ, ಅಷ್ಟು ನುಣುಪು, ಬಿಸಿಲಲ್ಲೂ ತಣ್ಣಗೆ. ಮೇಲಿನ ಕ್ವಾರ್ಟ್‌ಝೈಟ್ ಎಂಬ ಗಟ್ಟಿ ಕಲ್ಲು ತಡೆದುಕೊಂಡರೂ ಅಡಿಯ ಮೆತ್ತನೆಯ ಸುಣ್ಣಕಲ್ಲು ಸವೆಯುತ್ತಾ ಹೋಗಿ ಈ ಕಮರಿ ಆಗಿದೆ.

ಬೇಲಿ ಮಾತ್ರ ದಾಟಬೇಡಿ. ತುಂತುರು ಬಿದ್ದ ಬಂಡೆ ಪಾಚಿಗಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ, ಹಾಗೆ ದಾಟಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳಿದ್ದರೆ ಕೈ ಬಿಡಬೇಡಿ. ಕೆಳಗೆ ಮೆಟ್ಟಿಲಿರುವುದರಿಂದ ಮಕ್ಕಳ ತಳ್ಳುಗಾಡಿ ಪ್ರಯೋಜನಕ್ಕೆ ಬರುವುದಿಲ್ಲ. ಲೆನ್ಸ್ ಒರೆಸಲು ಒಣಬಟ್ಟೆ ಇಟ್ಟುಕೊಳ್ಳಿ. ನನ್ನ ಅರ್ಧ ಫೋಟೋಗಳಲ್ಲಿ ಜಲಪಾತಕ್ಕಿಂತ ಹನಿಗಳೇ ಜಾಸ್ತಿ!

ಜಾಸ್ಪರ್ ಊರಿಂದ ಇಲ್ಲಿಗೆ ಸುಮಾರು 30 ಕಿ.ಮೀ. ಆದರೆ ದಕ್ಷಿಣದ ಲೇಕ್ ಲೂಯಿಸ್ ಊರಿನ ಕಡೆಯಿಂದ ಬರುವವರಿಗೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿಯಲ್ಲಿ 200 ಕಿ.ಮೀ. ದಾಟುತ್ತದೆ. ನಡುವೆ ಪೆಟ್ರೋಲ್ ಸಿಗುವುದು ಸಸ್ಕಾಚೆವಾನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.