ಗೊಬ್ಬರದವನಿಗೆ ಬೈಗುಳ, ಪ್ಲಂಬರ್‌ಗೆ ಪೇಮೆಂಟ್

ಗಿಡ ಚೆನ್ನಾಗಿ ಬಂದರೆ ಅದು ಮನೆಯವರ ಕೈಗುಣ. ಒಣಗಿದರೆ ನಮ್ಮ ಗೊಬ್ಬರ ಸರಿಯಿಲ್ಲ. ಮನೆ ತೋಟದ ಕೆಲಸಕ್ಕೆ ಸೇರಿದವರೆಲ್ಲ ಮೊದಲು ನುಂಗಬೇಕಾದ ಮಾತು ಇದು. ನಾನೂ ಬೇಕಾದಷ್ಟು ನುಂಗಿದ್ದೇನೆ. ಕೋಲಾರದ ಒಂದು ಮನೆಯಲ್ಲಿ ನುಂಗಿದ್ದು ಮಾತ್ರ ಇನ್ನೂ ಗಂಟಲಲ್ಲೇ ಇದೆ. ಯಾಕೆಂದರೆ ಅಲ್ಲಿ ಎಡವಟ್ಟು ಆಗಿದ್ದು ತೋಟದಲ್ಲೇ ಅಲ್ಲ.

ಮನೆ ಯಜಮಾನರು ನಿವೃತ್ತ ಮೇಷ್ಟ್ರು. ಊರಂಚಿನ ಬಡಾವಣೆಯಲ್ಲಿ ಅಕ್ಕಪಕ್ಕ ಎರಡು ಸೈಟು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ತಮ್ಮ. ಎರಡೂ ಮನೆಗೆ ಒಂದೇ ಬೋರು. ಮೇಷ್ಟ್ರ ಮನೆಗೆ ಗೃಹಪ್ರವೇಶದ ಹೊತ್ತಿಗೆ ನಾವು ಹ್ಯಾಂಡೋವರ್ ಕೊಟ್ಟೆವು. ಮುಂದೆ ಮೆಕ್ಸಿಕನ್ ಲಾನ್, ಕಾಂಪೌಂಡ್ ಉದ್ದಕ್ಕೂ ಇಕ್ಸೋರಾ ಬಾರ್ಡರ್, ಅಮ್ಮನವರ ಪೂಜೆಗೆ ಗುಲಾಬಿ ಮತ್ತು ದಾಸವಾಳ, ಹಿಂದೆ ಒಂದು ನಿಂಬೆ, ಗೇಟಿನ ಮೇಲೆ ಬೋಗನ್‌ವಿಲ್ಲಾ. ಡ್ರಿಪ್ ಲೈನ್ ನಮ್ಮದು, ಅದಕ್ಕೆ ನೀರು ಕೊಡುವ ನಲ್ಲಿ ಅವರ ಪ್ಲಂಬರ್‌ದು. ಈ ವಾಕ್ಯ ನೆನಪಿಟ್ಟುಕೊಳ್ಳಿ. ನಮ್ಮ ಬಿಒಕ್ಯೂ, ಅಂದರೆ ಕೆಲಸ-ಸಾಮಾನಿನ ಪಟ್ಟಿಯಲ್ಲೂ ಹೀಗೇ ಬರೆದಿದೆ: "ನೀರಿನ ಪಾಯಿಂಟ್ ಗ್ರಾಹಕರ ಜವಾಬ್ದಾರಿ". ಆ ಪಾಯಿಂಟಿಗೆ ನೀರು ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲ್ಲ. ಸೈಟ್ ಮೆಷರ್‌ಮೆಂಟ್‌ಗೆ ಹೋದ ನಾನೂ ಕೇಳಲಿಲ್ಲ.

ಮಳೆ ಇರುವವರೆಗೆ ಎಲ್ಲಾ ಚೆನ್ನಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಇಕ್ಸೋರಾ ಹಳದಿಗೆ ತಿರುಗಿತು. ಕೋಲಾರದಲ್ಲಿ ಇದೇನು ಹೊಸದಲ್ಲ. ಇಲ್ಲಿನ ಬೋರಿನ ನೀರು ಗಡಸು. ಅದನ್ನೇ ಹಾಕುತ್ತಾ ಹೋದರೆ ಮಣ್ಣಿನ ಪಿಎಚ್ ಏರುತ್ತೆ, ಅಂದರೆ ಮಣ್ಣು ಕ್ಷಾರವಾಗುತ್ತೆ. ಆಗ ಮಣ್ಣಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ದಕ್ಕಲ್ಲ. ನಮ್ಮ ಮಣ್ಣಿಗೆ ಆ ಕೆಂಪು ಬಂದಿರೋದೇ ಕಬ್ಬಿಣದಿಂದ, ಆದರೂ ಗಿಡಕ್ಕೆ ಕಬ್ಬಿಣದ ಕೊರತೆ! ಹಾಗಾಗಿ ಇಕ್ಸೋರಾ ಹಳದಿ ಅಂದ ಕೂಡಲೇ ನಮ್ಮ ಹುಡುಗರ ಕೈ ತಾನಾಗಿ ಚೀಲೇಟೆಡ್ ಐರನ್, ಅಂದರೆ ಬೇರಿಗೆ ದಕ್ಕುವ ಹಾಗೆ ಮಾಡಿದ ಕಬ್ಬಿಣದ ಡಬ್ಬಕ್ಕೆ ಹೋಗುತ್ತೆ. ನಾನೂ ಅದನ್ನೇ ಹಾಕಿಸಿದೆ. ಆಫೀಸಿನ ಆ್ಯಪ್‌ನಲ್ಲಿ ಫೋಟೋ ಏರಿಸಿ, ಕಾರಣದ ಜಾಗದಲ್ಲಿ "ಪೋಷಕಾಂಶ" ಅಂತ ಒತ್ತಿ, ಟಿಕೆಟ್ ಕ್ಲೋಸ್ ಮಾಡಿದೆ. ಆ ಆ್ಯಪ್‌ನಲ್ಲಿ ಇರೋದೇ ನಾಲ್ಕು ಕಾರಣ: ಕೀಟ, ರೋಗ, ಪೋಷಕಾಂಶ, ನೀರು ಸಾಲದು. ಗಿಡಗಳೆಲ್ಲ ಈ ನಾಲ್ಕರಲ್ಲೇ ಸಾಯಬೇಕು ಅಂತ ಬೆಂಗಳೂರಿನಲ್ಲಿ ಕೂತು ಯಾರೋ ತೀರ್ಮಾನ ಮಾಡಿದ್ದಾರೆ.

ಆಮೇಲೆ ಗುಲಾಬಿ ಶುರುವಾಯಿತು. ಎಲೆಯ ಮಧ್ಯೆ ಇನ್ನೂ ಹಸಿರು, ಅಂಚಿನುದ್ದಕ್ಕೂ ಕಂದು ಬಣ್ಣದ ಸುಟ್ಟ ಗೆರೆ. ಬೆರಳಲ್ಲಿ ಮುಟ್ಟಿದರೆ ಅಂಚು ಪುಡಿ ಪುಡಿ. ಅದೂ ಕೆಳಗಿನ ಹಳೇ ಎಲೆಗಳಲ್ಲಿ ಮೊದಲು. ಕಬ್ಬಿಣ ಸಾಲದಿದ್ದರೆ ತುದಿಯ ಹೊಸ ಎಲೆ ಮೊದಲು ಹಳದಿಯಾಗುತ್ತೆ, ನರ ಮಾತ್ರ ಹಸಿರಾಗಿ ಉಳಿಯುತ್ತೆ. ಹಳೇ ಎಲೆ ಅಂಚಿನಿಂದ ಸುಡುತ್ತಾ ಬಂದರೆ ಅದು ಹೆಚ್ಚಾಗಿ ಉಪ್ಪಿನ ಕೆಲಸ. ಹೊಸ ಹುಡುಗರಿಗೆ ಈ ವ್ಯತ್ಯಾಸ ಹೇಳಿಕೊಡೋದೇ ನಾನು. ಅವತ್ತು ಅದು ನನಗೂ ಹೊಳೆಯಿತು. ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರನ್ನು ಜೇಬಿನಿಂದ ತೆಗೆದೆ. ಬೋರಿನ ಹತ್ತಿರ ಹಿಡಿದರೆ ಒಂಬೈನೂರರ ಮೇಲೆ. ತೋಟದ ನಲ್ಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೋಲಾರಕ್ಕೆ ಇದು ಮಾಮೂಲಿ ನೀರು. ಇದೇ ನೀರು ಕುಡಿಯುವ ತಮ್ಮನ ಮನೆ ದಾಸವಾಳ ಕಾಂಪೌಂಡ್ ಮೇಲಿಂದ ಈಚೆ ಬಗ್ಗಿ ಹೂ ಬಿಟ್ಟಿತ್ತು. ನೀರಿನ ತೊಂದರೆ ಅಲ್ಲ ಅಂತ ಮೀಟರ್ ಜೇಬಿಗೆ ಹಾಕಿಕೊಂಡೆ.

ನಮ್ಮ ಮಾಲಿ ತಾತ ಬೇರೆ ಏನೋ ನೋಡಿದ್ದರು. ಗುಲಾಬಿ ಪಾತಿಗೆ ಒಂದು ಮಗ್ಗು ನೀರು ಸುರಿದು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ನೋಡು ಸಾಮಿ, ಇಳೀತಾನೇ ಇಲ್ಲ. ಈ ಮಣ್ಣು ಬಾಯಿ ಮುಚ್ಕೊಂಡೈತೆ" ಅಂದರು. ನಿಜ, ನೀರು ಮೇಲೇ ನಿಂತಿತ್ತು. ನಿಂತ ನೀರು ಬಗ್ಗಡವಾಗಿತ್ತು. ಒಣಗಿದ ಕಡೆ ಮೇಲೆ ತೆಳ್ಳನೆ ಗಟ್ಟಿ ಪದರ. ನನಗೆ ಕೋಪ ಬಂದಿದ್ದು ಮನೆ ಕಟ್ಟಿದ ಕಾಂಟ್ರಾಕ್ಟರ್ ಮೇಲೆ. ಪಾಯ ತೆಗೆದ ಮಣ್ಣನ್ನೇ ತೋಟಕ್ಕೆ ತುಂಬಿಸಿದ್ದ, ನಾವು ಅದರ ಮೇಲೆ ಸಾಯಿಲ್ ಮಿಕ್ಸ್ ಹಾಕಿದ್ದೆವು. ತಮ್ಮನ ಮನೆಗೆ ಕೆರೆ ಗೋಡು ಬಿದ್ದಿತ್ತು. ಓಹೋ, ವ್ಯತ್ಯಾಸ ಇದೇ ಅಂತ ಪಾತಿ ಅಗೆಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ, ಮೇಷ್ಟ್ರಿಗೆ ಹೇಳಿದೆ: "ಬಿಸಿಲು ಜಾಸ್ತಿ ಸಾರ್, ದಿನಾ ಎರಡು ಹೊತ್ತು ಚೆನ್ನಾಗಿ ನೀರು ಬಿಡಿ." ಮೇಷ್ಟ್ರು ಶಿಸ್ತಿನ ಮನುಷ್ಯ. ಹೇಳಿದ ಹಾಗೇ ಬಿಟ್ಟರು. ಗಿಡಗಳು ಇನ್ನೂ ಬೇಗ ಸುಟ್ಟವು.

ಅಷ್ಟರಲ್ಲಿ ಮೇಷ್ಟ್ರೂ ತಮ್ಮ ತೀರ್ಮಾನಕ್ಕೆ ಬಂದಿದ್ದರು. "ಎಲ್ಲಾ ಆ ಕೆ.ಸಿ. ವ್ಯಾಲಿ ನೀರಿಂದ ಕಣ್ರೀ" ಅಂದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆವಾಗಿನಿಂದ ಕೂದಲು ಉದುರಿದರೂ, ಹಾಲು ಒಡೆದರೂ ನಮ್ಮೂರಲ್ಲಿ ಅದರದ್ದೇ ಹೆಸರು. ಎರಡೇ ಹಂತದ ಶುದ್ಧೀಕರಣ ಸಾಕಾ, ಮೂರನೇದೂ ಬೇಕಾ ಅನ್ನೋ ಜಗಳದಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಆದರೆ ಅದೇ ಬೋರಿನ ನೀರಿಗೆ ಕಾಂಪೌಂಡಿನ ಆ ಕಡೆ ದಾಸವಾಳ ನಗುತ್ತಿದೆಯಲ್ಲ? ಹಾಗಂತ ಮೇಷ್ಟ್ರಿಗೆ ಹೇಳಲು ಧೈರ್ಯ ಬರಲಿಲ್ಲ. ಹೇಳಿದ್ದರೆ "ಹಾಗಾದ್ರೆ ನಿಮ್ಮ ಕೆಲಸವೇ ಸರಿಯಿಲ್ಲ" ಅಂತಿದ್ದರು. ಸುಮ್ನೆ ತಲೆ ಆಡಿಸಿದೆ.

ಒಂದು ಭಾನುವಾರ ಬೆಂಗಳೂರಿನಿಂದ ಮಗ ಬಂದರು. ನಿಂಬೆಗಿಡದ ಎಲೆಯೆಲ್ಲ ಉದುರಿ ಕಡ್ಡಿ ನಿಂತಿತ್ತು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೇ ವಾಸಿಯಿತ್ತು. ಫೋನ್ ತೆಗೆದು ನಮ್ಮ ಬಾಸ್‌ಗೆ ಹಚ್ಚಿ, ಸ್ಪೀಕರ್ ಆನ್ ಮಾಡಿ, ಲಾನ್ ಮಧ್ಯೆ ಕುರ್ಚಿ ಹಾಕಿಕೊಂಡು ಕೂತರು. ನಾನು ಎದುರಿಗೆ ನಿಂತಿದ್ದೆ. ಬಾಸ್ ನನ್ನನ್ನು ಕೇಳುವುದಕ್ಕೂ ಮುಂಚೆಯೇ, "ಮೇಂಟೆನೆನ್ಸ್ ಟೀಮ್ ಓವರ್‌ಡೋಸ್ ಮಾಡಿರಬೇಕು ಸರ್, ಚೆಕ್ ಮಾಡಿಸ್ತೀನಿ" ಅಂದುಬಿಟ್ಟರು. ನನ್ನ ಕಿವಿ ಬಿಸಿಯಾಯಿತು. ಯಾವ ಗೊಬ್ಬರ, ಎಷ್ಟು ಗ್ರಾಂ, ಯಾವ ದಿನ ಅಂತ ಮಗ ಒಂದೊಂದೇ ಕೇಳಿದರು. ನಾನು ವಿಸಿಟ್ ಶೀಟ್ ನೋಡಿ ಓದುತ್ತಾ ಹೋದೆ. ಪ್ರತಿ ಸಾಲಿಗೂ ಅವರು "ಹೂಂ" ಅನ್ನುತ್ತಿದ್ದರು. ಆ "ಹೂಂ" ಇದೆಯಲ್ಲ, ಬೈಗುಳಕ್ಕಿಂತ ಕೆಟ್ಟದ್ದು. ಬಾಸ್ ಲೈನಲ್ಲೇ ಇದ್ದರು, ಒಂದು ಮಾತಿಲ್ಲ. ಮಾಲಿ ತಾತ ಮಾತ್ರ ಹಿಂದೆ ನಿಂತು ಏನೋ ಗೊಣಗುತ್ತಿದ್ದರು.

ಆಗ ಪಾತ್ರೆ ತೊಳೆಯೋಕೆ ಬರುವ ಅಕ್ಕ ಕೆಲಸ ಮುಗಿಸಿ ತೋಟದ ನಲ್ಲಿ ಹತ್ತಿರ ಕೈಕಾಲು ತೊಳೆಯಲು ಬಂದರು. ಸೋಪು ಹಚ್ಚಿದರು, ತೊಳೆದರು, ಮತ್ತೆ ತೊಳೆದರು. ಆಮೇಲೆ ಯಾರಿಗೂ ಅಂತಲ್ಲದೆ ಅಂದರು: "ಈ ನಲ್ಲೀಲಿ ಎಷ್ಟು ತೊಳೆದ್ರೂ ಸೋಪಿನ ಜಾರು ಹೋಗಲ್ಲಪ್ಪ. ಚಿಕ್ಕೋರ ಮನೇಲಾದ್ರೆ ನೊರೇನೇ ಬರಲ್ಲ."

ಗಡಸು ನೀರಲ್ಲಿ ನೊರೆ ಬರಲ್ಲ. ಜಾರು ಹೋಗಲ್ಲ ಅಂದರೆ ಅದು ಮೃದು ಮಾಡಿದ ನೀರು. ವಿಸಿಟ್ ಶೀಟ್ ಅಲ್ಲೇ ಬಿಟ್ಟು ಮನೆಯೊಳಗೆ ನುಗ್ಗಿದೆ. ಚಪ್ಪಲಿ ಕಾಲಲ್ಲೇ ಇತ್ತು ಅನ್ನೋದು ಅಮ್ಮನವರು ಕೂಗಿದ ಮೇಲೆ ಗೊತ್ತಾಯಿತು. ಮೆಟ್ಟಿಲ ಕೆಳಗೆ ನೀರು ಮೃದು ಮಾಡುವ ಸಾಫ್ಟ್‌ನರ್‌ನ ಆಳೆತ್ತರದ ನೀಲಿ ಸಿಲಿಂಡರ್, ಪಕ್ಕದಲ್ಲಿ ಉಪ್ಪಿನ ಡ್ರಮ್ಮು. ಡ್ರಮ್ಮಿನ ಮೇಲೆ ಸಾಫ್ಟ್‌ನರ್ ಕಂಪನಿಯವರು ಕೊಟ್ಟುಹೋದ, ಗಡಸುತನ ಅಳೆಯುವ ಹಾರ್ಡ್‌ನೆಸ್ ಕಿಟ್, ಧೂಳು ಹಿಡಿದು ಬಿದ್ದಿತ್ತು. ಎರಡು ಲೋಟ ತಂದೆ. ಒಂದಕ್ಕೆ ತಮ್ಮನ ಮನೆ ನೀರು, ಇನ್ನೊಂದಕ್ಕೆ ನಮ್ಮ ತೋಟದ ನೀರು. ಪುಡಿ ಹಾಕಿದೆ. ನೀಲಿಯಾಗಲು ಹನಿ ಎಷ್ಟು ಜಾಸ್ತಿ ಬೇಕೋ ನೀರು ಅಷ್ಟು ಗಡಸು. ಮೊದಲನೇದು ಕಡುಗೆಂಪಾಯಿತು. ಹನಿ ಹನಿ ಎಣಿಸುತ್ತಾ ಹೋದರೂ ನೀಲಿಗೆ ತಿರುಗಲು ಹೊತ್ತು ಹಿಡಿಯಿತು. ಎರಡನೇದು ಪುಡಿ ಬಿದ್ದ ಕೂಡಲೇ ನೀಲಿ. ಒಂದು ಹನಿಯೂ ಬೇಕಾಗಲಿಲ್ಲ.

ಮಗ ಕುರ್ಚಿಯಿಂದ ಎದ್ದು ಬಂದರು. ತಾರಸಿಗೆ ಹೋದೆವು. ಅಲ್ಲಿ ಎರಡು ಟ್ಯಾಂಕು: ಒಂದು ಬೋರಿನ ನೀರಿಗೆ, ಒಂದು ಸಾಫ್ಟ್‌ನರ್ ನೀರಿಗೆ. ಬೋರಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗಿದ್ದ ತಾತನಿಗೆ ಕೂಗಿ ನಲ್ಲಿ ಬಿಡಿಸಿದರೆ ನೀರು ಬರ್‍ರಂತ ಬಂತು. ಅದನ್ನು ತೆರೆದು ಇನ್ನೊಂದನ್ನು ಮುಚ್ಚಿದೆವು. ನಲ್ಲಿ ನಿಂತಿತು. ಪ್ಲಂಬರ್‌ಗೆ ಹತ್ತಿರವಿದ್ದ ಪೈಪಿಗೆ ತೋಟದ ಲೈನ್ ಸಿಕ್ಕಿಸಿ ಹೋಗಿದ್ದ, ಅಷ್ಟೇ ಕಥೆ.

ಸಾಫ್ಟ್‌ನರ್ ನೀರಿನಿಂದ ಏನನ್ನೂ ಕಮ್ಮಿ ಮಾಡಲ್ಲ, ಅದಲುಬದಲು ಮಾಡುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ. ಅದಕ್ಕೇ ಆ ಡ್ರಮ್ಮಿಗೆ ಉಪ್ಪು ಸುರಿಯೋದು. ಲೀಟರಿಗೆ 600 ಮಿಲಿಗ್ರಾಂ ಗಡಸುತನದ ನೀರು ಪೂರ್ತಿ ಮೃದುವಾದರೆ ಅದರಲ್ಲಿ ಸುಮಾರು 275 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತೆ. ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ. ಯಾವ ಉಪ್ಪು ಅನ್ನೋದು ಅದಕ್ಕೆ ಗೊತ್ತಾಗಲ್ಲ. ತಕ್ಕಡಿ ಒಂದೇ ತೂಕ ತೋರಿಸಿತು ಅಂತ ಬೆಲ್ಲ, ಕಲ್ಲು ಎರಡೂ ಒಂದೇ ಅಂದುಕೊಂಡ ಹಾಗಾಗಿತ್ತು ನನ್ನ ಲೆಕ್ಕ. ಇನ್ನು ತಾತ ಹೇಳಿದ ಬಾಯಿ ಮುಚ್ಚಿದ ಮಣ್ಣು. ಸೋಡಿಯಂ ಜಾಸ್ತಿಯಾದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತವೆ, ನೀರು ಇಳಿಯಲ್ಲ. ಗೇಟಿನ ಬೋಗನ್‌ವಿಲ್ಲಾ ಅಷ್ಟು ದಿನವೂ ಭರ್ತಿ ಹೂ ಬಿಟ್ಟಿತ್ತು, ಲಾನ್ ಕೂಡ ತಡೆದುಕೊಂಡಿತ್ತು. ಉಪ್ಪು ತಾಳುವ ಗಿಡ ಉಳಿದು, ತಾಳದ ಗುಲಾಬಿ, ನಿಂಬೆ ಸಾಯುತ್ತಿವೆ ಅಂದರೆ ಇನ್ನೇನು ಹೇಳಬೇಕು? ಅದು ಕಣ್ಣೆದುರಿಗೇ ಇತ್ತು.

ಮನೆ ಕಟ್ಟಿಸುವವರು ದಯವಿಟ್ಟು ಗೋಡೆ ಒಡೆಯುವ ಮುಂಚೆಯೇ ಪ್ಲಂಬರ್‌ಗೆ ಹೇಳಿ, ತೋಟದ ಲೈನನ್ನು ನೀರು ಸಾಫ್ಟ್‌ನರ್‌ಗೆ ಸೇರುವ ಮೊದಲೇ ತೆಗೆಯಲಿ. ಗಡಸು ನೀರಾದರೂ ಪರವಾಗಿಲ್ಲ, ಡ್ರಿಪ್ಪರ್ ಕಟ್ಟಿಕೊಂಡರೆ ಬಿಡಿಸಬಹುದು. ಸಾಫ್ಟ್‌ನರನ್ನೇ ಉಪ್ಪು ಹಾಕಿ ತೊಳೆದಾಗ ಹೊರಬರುವ ನೀರು ಅಪ್ಪಟ ಉಪ್ಪುನೀರು, ಗಿಡದ ಹತ್ತಿರಕ್ಕೂ ಬಿಡಬೇಡಿ. "ನೀರು ದಂಡ ಆಗುತ್ತಲ್ಲ" ಅಂತ ಆರ್‌ಒ ವೇಸ್ಟ್ ನೀರನ್ನು ಕುಂಡಗಳಿಗೆ ಹಾಕುವವರು ತುಂಬಾ ಜನ. ಉಪ್ಪೆಲ್ಲ ಆ ನೀರಲ್ಲೇ ಉಳಿದಿರುತ್ತೆ. ಅದರಲ್ಲಿ ನೆಲ ಒರೆಸಿ, ಕುಂಡಕ್ಕೆ ಬೇಡ. ತೆಂಗಿನ ನಾರಿನ ಪುಡಿ ಕೋಕೋಪೀಟ್ ಕೊಳ್ಳುವಾಗ ತೊಳೆದದ್ದು, ಲೋ ಇಸಿ (ಉಪ್ಪು ಕಮ್ಮಿ ಇರೋದು) ಅಂತ ಕೇಳಿ ತನ್ನಿ. ಕಮ್ಮಿ ರೇಟಿನದ್ದು ಉಪ್ಪು ಹೊತ್ತುಕೊಂಡೇ ಬರುತ್ತೆ. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್‌ಗಿಂತ ಜಾಸ್ತಿ ನೀರು ಇಳಿಯುತ್ತೆ. ಅದಕ್ಕಿಂತ ಒಳ್ಳೆ ನೀರನ್ನು ಈ ಜಿಲ್ಲೆಯಲ್ಲಿ ಯಾವ ಟ್ಯಾಂಕರಿನವನೂ ತಂದುಕೊಡಲ್ಲ.

ಮೇಷ್ಟ್ರ ಮನೆಯಲ್ಲಿ ಲೈನ್ ಬದಲಾಯಿತು. ಮಣ್ಣನ್ನು ಪರೀಕ್ಷೆಗೆ ಕೊಟ್ಟು, ವರದಿ ಹೇಳಿದ ಲೆಕ್ಕಕ್ಕೆ ಜಿಪ್ಸಂ ಬೆರೆಸಿದೆವು. ಸುಮ್ನೆ ಜಿಪ್ಸಂ ಚೆಲ್ಲಿದರೆ ಕೆಲಸ ಆಗಲ್ಲ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನಿಂದ ಬಿಡಿಸಿದ ಸೋಡಿಯಂ ಕೆಳಗೆ ಬಸಿದುಹೋಗಲು ನೀರೂ ಬೇಕು, ದಾರಿಯೂ ಬೇಕು. ತಾತ ಪಾತಿಯ ಅಂಚಿಗೆ ಕಾಲುವೆ ತೋಡಿದರು. ಮುಂಗಾರು ಬಂದ ಮೇಲೆ ಇಕ್ಸೋರಾ ಚಿಗುರಿತು, ದಾಸವಾಳವೂ ಬಂತು. ಗುಲಾಬಿ ಅರ್ಧ ಉಳಿದವು. ನಿಂಬೆ ಹೋಯಿತು.

ಪೈಪ್ ಬದಲಿಸಲು ಬಂದವನು ಅದೇ ಪ್ಲಂಬರ್. ತಾನೇ ಹಾಕಿದ ಲೈನ್ ಬಿಚ್ಚಿ ಹಾಕಿದ್ದಕ್ಕೆ ಕೂಲಿ ತಗೊಂಡ, ಎಲ್ಬೋಗೆ ಬೇರೆ ದುಡ್ಡು. ಮೇಷ್ಟ್ರು ಮರುಮಾತಿಲ್ಲದೆ ಕೊಟ್ಟರು. ಸತ್ತ ಗಿಡಗಳ ರಿಪ್ಲೇಸ್‌ಮೆಂಟ್ ಮಾತ್ರ ನಮ್ಮ ಕಂಪನಿ ಲೆಕ್ಕಕ್ಕೇ ಬಿತ್ತು, ಎಎಂಸಿಯಲ್ಲಿ, ಅಂದರೆ ವರ್ಷದ ನಿರ್ವಹಣೆ ಕರಾರಿನಲ್ಲಿ, ಹಾಗೇ ಬರೆದಿದೆಯಂತೆ. ಅದರ ಫಾರಂ ತುಂಬಿಸುವಾಗ ಕಾರಣದ ಜಾಗದಲ್ಲಿ ಏನು ಒತ್ತಲಿ ಅಂತ ಬಾಸ್‌ಗೆ ಕೇಳಿದೆ. "ನೀರು ಸಾಲದು ಅಂತ ಒತ್ರೀ" ಅಂದರು. ದಿನಾ ಎರಡು ಹೊತ್ತು ನೀರು ಕುಡಿದ ತೋಟದ ಮೇಲೆ ಈಗ ಆಫೀಸಿನಲ್ಲಿ ಇರುವ ದಾಖಲೆ ಅದೇ.