“ಏನು ಮಾಡಿದ್ನಂತೆ?” ಅಂತ ಕೇಳುವ ಎಲ್ಲರಿಗೂ

ಗೊತ್ತು. ಹೇಳಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕನ್ನಡ ಸಂಘದ ಯುಗಾದಿ ಊಟ ಮತ್ತೆ ಬರ್ತಾ ಇದೆ. ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ, ನಾನು ಕಾಗದ ಬರೆಯುವ ಕೈದಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳ್ತಾರೆ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಸಲ ಇದನ್ನು ಓದಿಕೊಂಡು ಬನ್ನಿ, ಹೋಳಿಗೆ ಆರೋದರೊಳಗೆ ಊಟ ಮಾಡೋಣ.

ಸಂಗತಿ ಗೊತ್ತಿಲ್ಲದವರಿಗೆ: ನಾನಿರೋದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದ ಹೊರವಲಯದಲ್ಲಿ. ಇಲ್ಲೇ ಕಾಲೇಜ್‌ವಿಲ್ ಹತ್ತಿರ ಫೀನಿಕ್ಸ್ ಅನ್ನೋ ರಾಜ್ಯ ಜೈಲಿದೆ. ಹಳೇ ಗ್ರೇಟರ್‌ಫೋರ್ಡ್ ಜೈಲು ಮುಚ್ಚಿ 2018ರಲ್ಲಿ ಇದನ್ನು ತೆರೆದರು. ಅಲ್ಲಿರುವ ಒಬ್ಬರಿಗೆ ನಾನು ಕಾಗದ ಬರೀತೀನಿ, ಅವರು ಉತ್ತರ ಬರೀತಾರೆ. ಒಂದು ಸಂಸ್ಥೆಯ ಮೂಲಕ ನಡೆಯುವ ಸ್ವಯಂಸೇವೆ. ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ, ಮಗಳ ಕಾಲೇಜ್ ಅರ್ಜಿಯಲ್ಲಿ ಹಾಕಿಕೊಳ್ಳೋಕೂ ಬರಲ್ಲ. (ಹೌದು, ಇದನ್ನೂ ಒಬ್ಬರು ಕೇಳಿದಾರೆ.)

ಹಿಂದಿನ ಯುಗಾದಿಯಲ್ಲಿ ಕೇಳಿದವರು ಮಗನ ಮನೆಗೆ ಬಂದಿದ್ದ ಹಿರಿಯರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬಿಸಿಬೇಳೆಬಾತಿನ ಸೌಟು ಕೈಯಲ್ಲೇ ಇತ್ತು. “ಏನಮ್ಮಾ, ಜೈಲಿಗೆ ಕಾಗದ ಬರೀತೀಯಂತೆ? ಏನು ಮಾಡಿದ್ನಂತೆ ಅವನು?” ಇಷ್ಟನ್ನು ಇಡೀ ಹಾಲ್‌ಗೆ ಕೇಳೋ ಹಾಗೆ ಹೇಳಿ, ಆಮೇಲೆ ದನಿ ತಗ್ಗಿಸಿ, “ಕೊಲೆನಾ?” ಅಂದರು. ಹಿಂದೆ ನಿಂತಿದ್ದ ಹುಡುಗ ಆಗಲೇ ಫೋನ್ ತೆಗೆದಿದ್ದ. “ಹೆಸರು ಹೇಳಿ ಅಕ್ಕ, ಇಲ್ಲಿ ಕೋರ್ಟ್ ದಾಖಲೆ ಎಲ್ಲಾ ಆನ್‌ಲೈನ್ ಸಿಗುತ್ತೆ.” ತಪ್ಪಿಹೋದ ಧಾರಾವಾಹಿ ಕಂತಿನಲ್ಲಿ ಏನಾಯ್ತು ಅಂತ ವಿಚಾರಿಸುವ ಧಾಟಿ. ಸಾಲು ಅಲ್ಲೇ ನಿಂತಿತು. ಹಿಂದಿನವರಿಗೆ ಹಪ್ಪಳ ಸಿಗಲಿಲ್ಲ, ಅದಕ್ಕೂ ನನ್ನನ್ನೇ ನೋಡಿದರು.

ಮಾಡಿದ್ದು ಸಣ್ಣ ವಿಷಯ ಅಲ್ಲ. ಇಲ್ಲಿ ಸಣ್ಣ ವಿಷಯಕ್ಕೆ ಯಾರಿಗೂ ಜೀವಾವಧಿ ಕೊಡಲ್ಲ. ಅವರು ನಿರಪರಾಧಿ ಅಂತ ನಾನು ಅಂದುಕೊಂಡಿಲ್ಲ, ಅವರೂ ಯಾವತ್ತೂ ಹಾಗೆ ಬರೆದಿಲ್ಲ. ಆದರೆ ನಾನು ವಕೀಲಳೂ ಅಲ್ಲ, ಜಡ್ಜೂ ಅಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವರು ಕೇಳಿ, ಉತ್ತರ ಪಡೆದು, ಶಿಕ್ಷೆ ಬರೆದು ಎಷ್ಟೋ ಕಾಲವಾಗಿದೆ. ಸೌಟು ಹಿಡಿದು ಮತ್ತೊಂದು ವಿಚಾರಣೆ ಯಾಕೆ? ಸತ್ತವರಿಗೂ ಮನೆಯವರು ಇದಾರೆ. ಅವರ ದುಃಖವನ್ನು ನಿಮ್ಮ ಊಟಕ್ಕೆ ನಂಚಿಕೊಳ್ಳೋಕೆ ನಾನು ಕೊಡಲ್ಲ.

“ಅಷ್ಟೊಂದು ಕಾಳಜಿ ಇದ್ದರೆ ನಮ್ಮೂರ ಜೈಲಿಗೆ ಬರೀಬಾರದಾ?” ಅನ್ನೋರಿಗೆ ಒಂದು ಮಾತು. ಬರೀರಿ, ನಾನೇನು ಬೇಡ ಅಂದೆನಾ? ಪರಪ್ಪನ ಅಗ್ರಹಾರ ಇದೆ, ಹಿಂಡಲಗಾ ಇದೆ. ಆದರೆ ಅಲ್ಲೂ ಮೊದಲು “ಏನು ಮಾಡಿದ್ದ” ಅಂತಲೇ ಕೇಳೋದಾದರೆ ತೊಂದರೆಗೆ ಸಿಕ್ಕಿಕೊಳ್ತೀರಿ. 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರು ಏನು ಮಾಡಿದಾರೆ, ಮಾಡಿದಾರೋ ಇಲ್ಲವೋ ಅನ್ನೋದನ್ನು ಕೋರ್ಟೇ ಇನ್ನೂ ಹೇಳಿಲ್ಲ.

ಎರಡನೇ ಪ್ರಶ್ನೆ, ಸಾಮಾನ್ಯವಾಗಿ ಆಂಟಿಯರದು: “ಒಂದಿನ ಹೊರಗೆ ಬಂದು ಮನೆ ಬಾಗಿಲು ತಟ್ಟಿದ್ರೆ?” ಭಾರತದಲ್ಲಿ ಜೀವಾವಧಿಯಾದವರ ಫೈಲು ಸಾಮಾನ್ಯವಾಗಿ 14 ವರ್ಷ ಕಳೆದ ಮೇಲೆ ಸರ್ಕಾರದ ಮುಂದೆ ಬರಬಹುದು, ಸನ್ನಡತೆ ಅಂತ ಆಗಸ್ಟ್ 15ಕ್ಕೆ ಬಿಟ್ಟಿದ್ದನ್ನು ಪೇಪರ್‌ನಲ್ಲಿ ಓದಿರ್ತೀರಿ. ನಾನು ಕಾಗದ ಬರೆಯುವವರಿಗೆ ಬಿದ್ದಿರುವ ಜೀವಾವಧಿಯಲ್ಲಿ ಪೆರೋಲ್, ಅಂದರೆ ಅವಧಿಗೆ ಮುಂಚಿನ ಬಿಡುಗಡೆ, ಇಲ್ಲ. ಈ ರಾಜ್ಯದಲ್ಲಿ ಹೀಗೆ ಒಳಗಿರೋರು ಸಾವಿರಾರು ಮಂದಿ. ಉಳಿದಿರೋದು ಗವರ್ನರ್ ಕ್ಷಮಾದಾನ. ಅದಕ್ಕೆ ಕ್ಷಮಾದಾನ ಮಂಡಳಿಯ ಐದಕ್ಕೆ ಐದೂ ಜನ ಒಪ್ಪಬೇಕು. 1997ರಲ್ಲಿ ರಾಜ್ಯದ ಸಂವಿಧಾನ ತಿದ್ದಿ ಹಾಗೆ ಮಾಡಿದಾರೆ. ಐದು ಜನ ಒಪ್ಪಿ, ಗವರ್ನರ್ ಸಹಿ ಹಾಕಿ, ಅವರು ನಿಜವಾಗಿ ನಮ್ಮನೆ ಬಾಗಿಲು ತಟ್ಟಿದರೆ ಉಪ್ಪಿಟ್ಟು, ಕಾಫಿ ಕೊಡ್ತೀನಿ. ನೀವು ಫೋನೂ ಮಾಡದೆ ಬಂದಾಗ ಕೊಟ್ಟಿಲ್ವಾ?

ಇಷ್ಟು ವರ್ಷದಲ್ಲಿ “ಏನಂತ ಬರೀತೀರಾ?” ಅಂತ ಒಬ್ಬರೂ ಕೇಳಿಲ್ಲ. ಅದನ್ನು ಕೇಳಿ, ಗಂಟೆಗಟ್ಟಲೆ ಹೇಳ್ತೀನಿ.

ಮೊದಲು ಕಾಗದ ಹೋಗೋ ದಾರಿ. ನನ್ನ ಮನೆಯಿಂದ ಜೈಲಿಗೆ ಕಾರಿನಲ್ಲಿ ಕಾಫಿ ಆರೋದರೊಳಗೆ ಹೋಗಬಹುದು. ಆದರೆ ಕಾಗದ ಹಾಕಬೇಕಾದ್ದು ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್ ವಿಳಾಸಕ್ಕೆ. ಕಾಗದಕ್ಕೆ ಮಾದಕ ವಸ್ತು ನೆನೆಸಿ ಒಳಗೆ ಕಳಿಸ್ತಾರೆ ಅನ್ನೋ ಕಾರಣಕ್ಕೆ 2018ರಿಂದ ಈ ರಾಜ್ಯದ ಕೈದಿಗಳ ಸಾಮಾನ್ಯ ಟಪಾಲೆಲ್ಲ ಅಲ್ಲಿಗೆ ಹೋಗುತ್ತೆ. ಅಲ್ಲಿ ಸ್ಕ್ಯಾನ್ ಮಾಡ್ತಾರೆ, ಕೈದಿಗೆ ಸಿಗೋದು ಪ್ರತಿ, ಮೂಲವನ್ನು ಆಮೇಲೆ ನಾಶ ಮಾಡ್ತಾರೆ. ಹಾಗಾಗಿ ನನ್ನ ಕೈ ಮುಟ್ಟಿದ ಹಾಳೆ ಅವರ ಕೈಗೆ ಹೋಗಲ್ಲ, ಅವರದು ಮಾತ್ರ ನನ್ನ ಕೈಗೆ ಬರುತ್ತೆ. ಹಳದಿ ಗೆರೆಹಾಳೆ, ಎರಡೂ ಮಗ್ಗುಲು ಅಂಚಿನವರೆಗೂ ತುಂಬಿದ ಬರಹ. ಒಳಗಿನ ಎಷ್ಟೋ ಕೆಲಸಗಳಿಗೆ ಗಂಟೆಗೆ ಅರ್ಧ ಡಾಲರೂ ಸಿಗಲ್ಲ, ಅಂಚೆಚೀಟಿ 70 ಸೆಂಟ್ ದಾಟಿದೆ. ಅಂಚು ಬಿಡೋದು ಯಾರಿಗೆ ಪೂರೈಸುತ್ತೆ?

ಇನ್ನು ವಿಷಯ. ಕ್ರಿಕೆಟ್. ಅವರು ಬೇಸ್‌ಬಾಲ್ ಮನುಷ್ಯ, ಫಿಲಡೆಲ್ಫಿಯಾದ ತಂಡ ಫಿಲ್ಲೀಸ್ ಅಂದರೆ ಪ್ರಾಣ. “ಐದು ದಿನ ಆಡಿ ಡ್ರಾ ಆದರೆ ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ?” ಅಂತ ಕೇಳಿದ್ದರು. ಮುಂದಿನ ಸಾಲಲ್ಲೇ, “ಇರಲಿ, ನನಗೇನು ಅವಸರ ಇಲ್ಲ” ಅಂತ. ಎಲ್‌ಬಿಡಬ್ಲ್ಯು ವಿವರಿಸೋಕೆ ಚಿತ್ರ ಬರೆದು ಕಳಿಸಿದೆ. “ಆ ಮೂರು ಸಿಗರೇಟಿನ ಮುಂದೆ ನಿಂತಿರೋನು ಯಾರು?” ಅಂತ ಉತ್ತರ ಬಂತು.

ಆಮೇಲೆ ಕುಂಬ್ಳೆ ಕಥೆ ಬರೆದೆ. ಕನ್ನಡಿಗಳಾಗಿ ಬರೀದೇ ಇರೋಕಾಗುತ್ತಾ? 1999ರ ಫೆಬ್ರವರಿ, ದೆಹಲಿಯ ಕೋಟ್ಲಾ ಮೈದಾನ, ಪಾಕಿಸ್ತಾನದ ಹತ್ತೂ ವಿಕೆಟ್ ಒಬ್ಬರಿಗೇ, 74 ರನ್ನಿಗೆ. ಒಂಬತ್ತು ಬಿದ್ದ ಮೇಲೆ, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕಂತಲೇ ವಿಕೆಟ್‌ನಿಂದಾಚೆ ಎಸೆದರು ಅಂತಲೂ ಬರೆದೆ. ಕೊನೆಗೆ ವಾಸಿಂ ಅಕ್ರಂ ಔಟಾದದ್ದು ಲಕ್ಷ್ಮಣ್ ಹಿಡಿದ ಕ್ಯಾಚಿಗೆ. ಬಂದ ಉತ್ತರದಲ್ಲಿ ಕುಂಬ್ಳೆ ಬಗ್ಗೆ ಅರ್ಧ ಸಾಲು, “ಒಳ್ಳೇ ದಿನ ಆಗಿರಬೇಕು” ಅಂತ. ಉಳಿದ ಎರಡು ಪುಟ ಪೂರ್ತಿ ಶ್ರೀನಾಥ್. ಹಾಗೆ ಎಸೆಯೋಕೆ ಕ್ಯಾಪ್ಟನ್ ಹೇಳಿದ್ದಾ, ತಾನೇ ತೀರ್ಮಾನಿಸಿದ್ದಾ? ಬ್ಯಾಟ್ಸ್‌ಮನ್ ತಾನಾಗಿ ಹೋಗಿ ಹೊಡೆದು ಔಟಾಗಿಬಿಟ್ಟಿದ್ದರೆ ಏನು ಮಾಡ್ತಿದ್ದರು? ರಾತ್ರಿ ಊಟಕ್ಕೆ ಇಬ್ಬರೂ ಒಟ್ಟಿಗೆ ಕೂತರಾ? ನಲವತ್ತು ವರ್ಷದಿಂದ ಕ್ರಿಕೆಟ್ ನೋಡೋ ನನ್ನ ಗಂಡನಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಾವಿಬ್ಬರೂ ಅವತ್ತು ಅಡುಗೆಮನೆಯಲ್ಲಿ ನಿಂತು ಅದನ್ನೇ ಜಗಳ ಆಡಿದ್ವಿ.

“ನಾನೂ ಬರೀಬಹುದಾ?” ಅಂತ ಯಾರಿಗಾದರೂ ಅನ್ನಿಸಿದರೆ, ಬರೀರಿ. ಬಿಳಿ ಹಾಳೆ ಸಾಕು. ಮಿಂಚು, ಸೆಂಟು, ಸ್ಟಿಕರ್ ಬೇಡ. ದುಡ್ಡಿನ ಮಾತು, ಪ್ರೀತಿ ಪ್ರೇಮದ ಮಾತು ಬೇಡ. ಉತ್ತರ ಬರೋಕೆ ನನ್ನ ಹಾಗೆ ಸಂಸ್ಥೆಯ ವಿಳಾಸವನ್ನೇ ಕೊಡಿ. ಮೂರು ಕಾಗದ ಬರೆದು ಬೇಜಾರಾಗಿ ಬಿಡೋರಾದರೆ ಮಾತ್ರ ದಯವಿಟ್ಟು ಶುರು ಮಾಡಬೇಡಿ. ಒಳಗೆ ಟಪಾಲು ಬಾರದ ದಿನವನ್ನು ಲೆಕ್ಕ ಇಡ್ತಾರೆ.

ಸದ್ಯಕ್ಕೆ ನನಗೆ ಗೂಗ್ಲಿ ಹಾಕುವಾಗ ಕೈ ಹೇಗೆ ತಿರುಗುತ್ತೆ ಅಂತ ಚಿತ್ರ ಬೇಕಾಗಿದೆ. ಈ ಸಲ ಸಿಗರೇಟಿನ ಹಾಗೆ ಕಾಣಬಾರದು. ಚೆನ್ನಾಗಿ ಚಿತ್ರ ಬರೆಯೋರು ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತುಕೊಳ್ಳಿ, ಪೆನ್ನು ನಾನೇ ತರ್ತೀನಿ.