ಅವರೆ ಕುಡಿಗೆ ಹೇನು ಹತ್ತಿದಾಗ

ಡಿಸೆಂಬರ್ ಎರಡನೇ ವಾರ ಊರಿಗೆ ಹೋಗಿದ್ದೆ. ಮಾಗಡಿ ಹತ್ತಿರ ನಮ್ಮದೊಂದು ಸಣ್ಣ ಹೊಲ ಇದೆ. ರಾಗಿಯ ನಡುವೆ ಅಕ್ಕಡಿ ಸಾಲಲ್ಲಿ ಹಾಕಿದ್ದ ಅವರೆ, ರಾಗಿ ಕೊಯ್ದ ಮೇಲೆ ಜಾಗ ಸಿಕ್ಕಿದ್ದೇ ತಡ ಹೊಲದ ತುಂಬ ಹಬ್ಬಿಕೊಂಡಿತ್ತು. ಬೆಳಗಿನ ಇಬ್ಬನಿ, ಹೂವು, ಸೊಗಡು. ಹತ್ತಿರ ಹೋಗಿ ನೋಡಿದರೆ ಬದುವಿನ ಕಡೆಯ ಗಿಡಗಳ ಕುಡಿಯೆಲ್ಲ ಕಪ್ಪು. ಹೂಗೊಂಚಲಿನ ದಂಟಿಗೆ ಕರಿ ಎಳ್ಳು ಮೆತ್ತಿದ ಹಾಗೆ ಹೇನು ಕೂತಿದ್ದವು.

"ಹೇನು ಬಿದ್ದೈತೆ ಕಣಪ್ಪ, ಬೂದಿ ಎರಚಿಬಿಡು" ಅಂದರು ಅತ್ತೆ.

ಎರಚುವ ಮುಂಚೆ ಒಂದು ಕುಡಿ ಬಗ್ಗಿಸಿ ಭೂತಗನ್ನಡಿ ಹಿಡಿದೆ. ದೊಡ್ಡವು ಮಿರಮಿರ ಮಿಂಚುವ ಕಪ್ಪು, ಕಾಲು ಮಾತ್ರ ಬಿಳಿಚಿಕೊಂಡಿವೆ. ಮರಿಗಳ ಮೈಮೇಲೆ ಬೂದಿ ಹಚ್ಚಿದ ಹಾಗೆ ಮಬ್ಬು. ಎಲ್ಲವೂ ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಅಲ್ಲಾಡದೆ ಕೂತಿವೆ. ಒಂದು ಹೇನು ನನ್ನ ಕಣ್ಣೆದುರೇ ಮರಿ ಹಾಕುತ್ತಿತ್ತು. ಮೊಟ್ಟೆ ಇಲ್ಲ, ಗಂಡಿನ ಅಗತ್ಯವೂ ಇಲ್ಲ. ಆ ಮರಿ ವಾರ ಹತ್ತು ದಿನದಲ್ಲಿ ತಾನೇ ಮರಿ ಹಾಕಲು ಶುರು ಮಾಡುತ್ತದೆ. ಇನ್ನೊಂದರ ಹಿಂದೆ ಕನ್ನಡಿಯಂಥ ಒಂದು ಹನಿ ನಿಂತಿತ್ತು. ಇರುವೆ ಬಂದು ಮೀಸೆಯಲ್ಲಿ ಸವರಿ ಆ ಹನಿ ಕುಡಿದು ಹೋಯಿತು. ಕೆಳಗಿನ ಎಲೆಗಳು ಅಂಟಂಟು, ಅದರ ಮೇಲೆ ಕಪ್ಪು ಬೂಷ್ಟು. ಎಳೆ ಎಲೆಗಳು ಕೆಳಮುಖವಾಗಿ ಮುದುಡಿದ್ದವು.

ಹೇನು ಕುಡಿಯುತ್ತದೆ, ಗಿಡ ಸುಮ್ನೆ ನಿಂತು ಕುಡಿಸಿಕೊಳ್ಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದೊಂದೇ ಓದುತ್ತ ಹೋದ ಹಾಗೆ ಗೊತ್ತಾಯಿತು, ಆ ಕುಡಿಯ ಒಳಗೆ ದೊಡ್ಡ ಹೋರಾಟವೇ ನಡೆಯುತ್ತಿರುತ್ತದೆ. ಅದನ್ನೇ ಇವತ್ತು ಬರೆಯುತ್ತಿದ್ದೇನೆ.

ಎಲೆಯಲ್ಲಿ ತಯಾರಾದ ಸಕ್ಕರೆ ಹೂವಿಗೆ, ಕಾಯಿಗೆ, ಬೇರಿಗೆ ಹೋಗಲು ಗಿಡದೊಳಗೆ ಆಹಾರ ನಾಳಗಳಿವೆ. ಫ್ಲೋಯಂ ಅಂತ ಶಾಲೆಯಲ್ಲಿ ಓದಿರುತ್ತೀರಿ. ಒಂದರ ತುದಿಗೊಂದು ಜೋಡಿಸಿದ ಸಣ್ಣ ಸಣ್ಣ ಕೊಳವೆಗಳು, ನಡುವೆ ಜರಡಿಯಂತೆ ತೂತಿರುವ ಗೋಡೆ. ಈ ನಾಳದೊಳಗಿನ ಒತ್ತಡ ಕಾರಿನ ಟೈರಿನ ಗಾಳಿಗಿಂತ ಹಲವು ಪಟ್ಟು ಜಾಸ್ತಿ. ಹೇನು ಕಷ್ಟಪಟ್ಟು ಎಳೆಯಬೇಕಾದ್ದೇ ಇಲ್ಲ, ಸರಿಯಾದ ಕಡೆ ಚುಚ್ಚಿದರೆ ರಸ ತಾನಾಗಿ ನುಗ್ಗಿ ಬರುತ್ತದೆ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಎಂಬ ಇಬ್ಬರು ವಿಜ್ಞಾನಿಗಳು ರಸ ಕುಡಿಯುತ್ತಿದ್ದ ಹೇನನ್ನು ಅದರ ಚುಚ್ಚುಕೊಳವೆಯಿಂದ ಕತ್ತರಿಸಿ ತೆಗೆದರು. ಕೊಳವೆ ಗಿಡದಲ್ಲೇ ಉಳಿಯಿತು. ಕುಡಿಯುವವರೇ ಇಲ್ಲದಿದ್ದರೂ ಅದರ ತುದಿಯಿಂದ ರಸ ಗಂಟೆಗಟ್ಟಲೆ ಒಸರುತ್ತಲೇ ಇತ್ತು.

ಇಷ್ಟು ಒತ್ತಡದ ನಾಳಕ್ಕೆ ತೂತು ಬಿದ್ದರೆ ಗಿಡದ ಗತಿ ಏನು? ನಾವು ಕುಡಿ ಚಿವುಟಿದಾಗ, ದನ ಮೇಯ್ದಾಗ ಎಲ್ಲಾ ರಸ ಸುರಿದುಹೋಗಬೇಕಿತ್ತು. ಹಾಗಾಗುವುದಿಲ್ಲ, ಯಾಕೆಂದರೆ ನಾಳದಲ್ಲೇ ಬಿರಡೆ ಇದೆ. ಅವರೆ, ಹುರುಳಿ, ತೊಗರಿಯ ಕುಲದ ಗಿಡಗಳಲ್ಲಿ ಈ ಬಿರಡೆ ಬಹಳ ವಿಶೇಷ. ಫೋರಿಸೋಮ್ ಅಂತ ಹೆಸರು. ಪ್ರೋಟೀನಿನ ಒಂದು ಸಣ್ಣ ಕದಿರು ಅನ್ನಿ. ಸಾಮಾನ್ಯ ಹೊತ್ತಿನಲ್ಲಿ ತೆಳ್ಳಗೆ ಒಂದು ಪಕ್ಕ ಬಿದ್ದಿರುತ್ತದೆ. ಗಾಯವಾಗಿ ನಾಳಕ್ಕೆ ಕ್ಯಾಲ್ಸಿಯಂ ನುಗ್ಗಿದ ತಕ್ಷಣ ಉಬ್ಬಿ ನಾಳ ಮುಚ್ಚುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಇದರ ಹಿಂದೆಯೇ ಜರಡಿ ತೂತುಗಳ ಸುತ್ತ ಕ್ಯಾಲೋಸ್ ಎಂಬ ಮೇಣದಂಥ ವಸ್ತು ಕಟ್ಟಿಕೊಳ್ಳುತ್ತದೆ.

ಹಾಗಾದರೆ ಹೇನು ಚುಚ್ಚಿದಾಗಲೂ ಬಿರಡೆ ಬೀಳಬೇಕಲ್ಲ? ಜರ್ಮನಿಯ ಗೀಸೆನ್‌ನ ವಿಜ್ಞಾನಿಗಳು ಇದಕ್ಕೆ 2007ರಲ್ಲಿ ಒಂದು ಉತ್ತರ ಕೊಟ್ಟರು. ಹೇನು ರಸ ಕುಡಿಯುವ ಮೊದಲು ನಾಳದೊಳಕ್ಕೆ ನೀರಾದ ಜೊಲ್ಲು ಬಿಡುತ್ತದೆ. ಆ ಜೊಲ್ಲಿನಲ್ಲಿರುವ ಪ್ರೋಟೀನುಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತವೆ. ಗಾಜಿನ ಮೇಲಿಟ್ಟ, ಉಬ್ಬಿಕೊಂಡಿದ್ದ ಫೋರಿಸೋಮ್‌ಗೆ ಜೊಲ್ಲು ತಾಗಿಸಿದರೆ ಅದು ಮತ್ತೆ ತೆಳ್ಳಗಾಯಿತು. ಅವರು ಇನ್ನೂ ಒಂದು ಪರೀಕ್ಷೆ ಮಾಡಿದರು. ಹೇನು ಒಂದು ಕಡೆ ಕುಡಿಯುತ್ತಿರುವಾಗ, ದೂರದಲ್ಲಿ ಎಲೆಯ ತುದಿಯನ್ನು ಸುಟ್ಟರು. ಸುಟ್ಟ ಸುದ್ದಿ ನಾಳದುದ್ದಕ್ಕೂ ಹರಿದು ಬಿರಡೆಗಳು ಉಬ್ಬಿಕೊಂಡವು. ಹೇನು ಕುಡಿಯುವುದನ್ನು ನಿಲ್ಲಿಸಿ ಮತ್ತೆ ಜೊಲ್ಲು ಬಿಡಲು ಶುರು ಮಾಡಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಕಡೆ ಬಾಗಿಲು ಹಾಕುವವರು, ಇನ್ನೊಂದು ಕಡೆ ಅಗುಳಿ ಎಬ್ಬಿಸುವವರು. ಎರಡೂ ನನ್ನ ಉಗುರಿಗಿಂತ ಚಿಕ್ಕ ಜಾಗದಲ್ಲಿ.

ಭತ್ತದಲ್ಲೂ ಇದೇ ಕಥೆ. ಗಂಗಾವತಿ, ಸಿಂಧನೂರು ಕಡೆಯವರಿಗೆ ಭತ್ತದ ರಸ ಹೀರುವ ಕಂದು ಜಿಗಿಹುಳು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹಸಿರು ಗದ್ದೆಯ ನಡುವೆ ದುಂಡಗೆ ಸುಟ್ಟ ಹಾಗೆ ಒಣಗಿದ ಮಚ್ಚೆ ಬೀಳುತ್ತದೆ. ಈ ಹುಳುವನ್ನು ತಡೆಯುವ ತಳಿಗಳಲ್ಲಿ ಕ್ಯಾಲೋಸ್ ಬಿರಡೆ ಗಟ್ಟಿಯಾಗಿ ನಿಲ್ಲುತ್ತದೆ. ಸೋಲುವ ತಳಿಗಳಲ್ಲೂ ಬಿರಡೆ ಬೀಳುತ್ತದೆ, ಆದರೆ ಹುಳು ಕಚ್ಚಿದ ಮೇಲೆ ಗಿಡದ್ದೇ ಒಂದು ಕಿಣ್ವ ಜಾಸ್ತಿಯಾಗಿ ಆ ಬಿರಡೆಯನ್ನು ಕರಗಿಸಿಬಿಡುತ್ತದೆ. ಚೀನಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದ್ದು ಇದು. ಹುಳುವೂ ಸುಮ್ಮನೆ ಕೂರುವುದಿಲ್ಲ. ಫಿಲಿಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಐಆರ್ 26 ಎಂಬ ನಿರೋಧಕ ತಳಿ ಕೊಟ್ಟಿತು. ಎರಡು ಮೂರು ವರ್ಷದಲ್ಲೇ ಅದನ್ನೂ ತಿನ್ನಬಲ್ಲ ಜಿಗಿಹುಳು ಬಂತು. 1976ರಲ್ಲಿ ಬೇರೆ ಜೀನ್ ಇರುವ ಐಆರ್ 36 ತರಬೇಕಾಯಿತು.

ಮತ್ತೆ ಅವರೆಗೆ ಬರೋಣ. ನಾಳ ಮುಚ್ಚುವುದು ಒಂದು ಕೆಲಸ. ಎಲೆಗಳಿಗೆಲ್ಲ ಸುದ್ದಿ ಮುಟ್ಟಿಸುವುದು ಇನ್ನೊಂದು. ಗಿಡದಲ್ಲಿ ಇದಕ್ಕೆ ಮುಖ್ಯವಾಗಿ ಎರಡು ದಾರಿ. ಕಂಬಳಿಹುಳು ಎಲೆ ಕರಕರ ಕಡಿದು ತಿಂದರೆ ಜಾಸ್ಮೋನಿಕ್ ಆಮ್ಲ ಏರುತ್ತದೆ. ಮಲ್ಲಿಗೆ ಎಣ್ಣೆಯಲ್ಲಿ ಮೊದಲು ಸಿಕ್ಕಿದ ವಸ್ತುವಿನಿಂದ ಬಂದ ಹೆಸರು. ರೋಗ ತಗುಲಿದರೆ ಸ್ಯಾಲಿಸಿಲಿಕ್ ಆಮ್ಲ ಏರುತ್ತದೆ. ನಾವು ನುಂಗುವ ಆಸ್ಪಿರಿನ್‌ನ ಹತ್ತಿರದ ನೆಂಟ ಅದು. ಹೇನು, ಬಿಳಿನೊಣಗಳು ಎಲೆ ಕಡಿಯುವುದಿಲ್ಲ. ಕೂದಲಿಗಿಂತ ಸಣ್ಣ ಕೊಳವೆಯನ್ನು ಜೀವಕೋಶಗಳ ಸಂದಿಯಲ್ಲೇ ತೂರಿಸಿಕೊಂಡು ಹೋಗುತ್ತವೆ. ಅದಕ್ಕೇ ಗಿಡ ಎಷ್ಟೋ ಸಲ ಇದನ್ನು ರೋಗದ ಹಾಗೆ ಎಣಿಸಿ ಸ್ಯಾಲಿಸಿಲಿಕ್ ದಾರಿ ಹಿಡಿಯುತ್ತದೆ. ತೊಂದರೆ ಏನೆಂದರೆ ಒಂದು ದಾರಿ ಜೋರಾದರೆ ಇನ್ನೊಂದು ತಗ್ಗುತ್ತದೆ. ಬಿಳಿನೊಣದ ಮರಿಗಳಿಗೆ ನಿಜವಾಗಿ ಪೆಟ್ಟು ಕೊಡುವುದು ಜಾಸ್ಮೋನಿಕ್ ದಾರಿ, ಅವು ಕೂತ ಗಿಡದಲ್ಲಿ ತಗ್ಗುವುದೂ ಅದೇ.

ಬಿಳಿನೊಣದ ವಿಷಯ ಬಂತಲ್ಲ, ಇದೊಂದನ್ನು ಹೇಳಿಬಿಡುತ್ತೇನೆ. ಗಿಡಗಳು ಹುಳು ಓಡಿಸಲು ಕಹಿ ವಿಷಗಳನ್ನು ಮಾಡುತ್ತವೆ, ಅವು ತಮಗೇ ತಾಗದ ಹಾಗೆ ಬದಲಿಸಿ ಇಟ್ಟುಕೊಳ್ಳುವ ಜೀನ್ ಕೂಡ ಅವುಗಳ ಹತ್ತಿರ ಇದೆ. ಬಿಳಿನೊಣ ಅಂಥದ್ದೊಂದು ಜೀನನ್ನು ಲಕ್ಷಾಂತರ ವರ್ಷಗಳ ಹಿಂದೆ ಯಾವುದೋ ಗಿಡದಿಂದಲೇ ಪಡೆದುಕೊಂಡಿದೆ ಅಂತ 2021ರಲ್ಲಿ ಚೀನಾದ ತಂಡವೊಂದು ಪತ್ತೆ ಮಾಡಿತು. ಬಿಳಿನೊಣದೊಳಗಿನ ಆ ಜೀನನ್ನು ಅಡಗಿಸುವಂತೆ ಮಾರ್ಪಡಿಸಿದ ಟೊಮೆಟೊ ಗಿಡದ ರಸ ಕುಡಿದ ಬಿಳಿನೊಣಗಳು ಹೆಚ್ಚೂಕಮ್ಮಿ ಎಲ್ಲ ಸತ್ತವು. ಬೇರೆ ಕೀಟಗಳಿಗೆ ಏನೂ ಆಗಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಾಸನೆಯ ಸಂಗತಿ. ಹೇನು ಹತ್ತಿದ ಗಿಡ ತನ್ನ ವಾಸನೆಯನ್ನೇ ಬದಲಿಸುತ್ತದೆ. ಹಾಗೆ ಬಿಡುವ ಆವಿಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಒಂದು. ಬೆನ್ನುನೋವಿಗೆ ಹಚ್ಚುವ ಮುಲಾಮಿನ ಘಾಟು ಇದೆಯಲ್ಲ, ಅದೇ. ನಮ್ಮ ಮೂಗಿಗೆ ಹೊಲದಲ್ಲಿ ಅದು ಸಿಗುವುದಿಲ್ಲ, ಅಷ್ಟು ಕಡಿಮೆ. ಆದರೆ ಹೇನು ತಿನ್ನುವ ಗುಲಗಂಜಿ ಹುಳುವಿಗೆ ಸಿಗುತ್ತದೆ, ಹೇನಿನ ಹೊಟ್ಟೆಯಲ್ಲಿ ಮೊಟ್ಟೆ ಇಡುವ ಪುಟ್ಟ ಕಣಜಗಳು ಕೂಡ ಗಿಡದ ಇಂಥ ವಾಸನೆ ಹಿಡಿದೇ ಬರುತ್ತವೆ. ಬ್ರಿಟನ್ನಿನಲ್ಲಿ ಬೀನ್ಸ್ ಜಾತಿಯ ಗಿಡಗಳ ಮೇಲೆ ಮಾಡಿದ ಒಂದು ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಬೇರಿನಲ್ಲಿ ಬದುಕುವ ಶಿಲೀಂಧ್ರದ ಎಳೆಗಳು ಗಿಡದಿಂದ ಗಿಡಕ್ಕೆ ಮಣ್ಣೊಳಗೆ ಹೆಣೆದುಕೊಂಡಿದ್ದಾಗ, ಒಂದಕ್ಕೆ ಹೇನು ಹತ್ತಿದರೆ ಹೇನೇ ಇಲ್ಲದ ಪಕ್ಕದ ಗಿಡವೂ ಹೇನು ಓಡಿಸುವ, ಕಣಜ ಕರೆಯುವ ವಾಸನೆ ಬಿಡಲು ಶುರು ಮಾಡಿತು. ಎಳೆಗಳ ಸಂಪರ್ಕ ಇಲ್ಲದ ಗಿಡಕ್ಕೆ ಸುದ್ದಿ ಮುಟ್ಟಲಿಲ್ಲ.

ಇದೆಲ್ಲ ಗೊತ್ತಾದ ಮೇಲೆ ನಾನು ಹೋದ ವರ್ಷ ಮಾಡಿದ ಕೆಲಸ ನೆನಪಾಗಿ ಬೇಜಾರಾಯಿತು. ಎಲೆ ಸ್ವಲ್ಪ ಬಿಳಿಚಿಕೊಂಡಿದೆ ಅಂತ ಅವರೆ ಬುಡಕ್ಕೆ ಯೂರಿಯಾ ಹಾಕಿದ್ದೆ. ಹೇನಿಗೆ ಸಕ್ಕರೆ ಬೇಕಾದಷ್ಟು ಸಿಗುತ್ತದೆ, ಜಾಸ್ತಿಯಾಗಿಯೇ ಹಿಂದಿನಿಂದ ಹನಿಯಾಗಿ ಬಿಡುತ್ತದೆ. ಅದಕ್ಕೆ ಸಾಲದೇ ಹೋಗುವುದು ಸಾರಜನಕ, ಅಂದರೆ ರಸದಲ್ಲಿರುವ ಅಮೈನೋ ಆಮ್ಲ. ಯೂರಿಯಾ ಜಾಸ್ತಿಯಾದರೆ ರಸದಲ್ಲಿ ಅದೇ ಜಾಸ್ತಿಯಾಗುತ್ತದೆ. ಕುಡಿ ಮೆತ್ತಗಾಗಿ, ಕಡು ಹಸಿರಾಗಿ ಬೆಳೆಯಿತು, ಎರಡು ವಾರದಲ್ಲಿ ಹೇನು ಕಂಡಾಪಟ್ಟೆ ಬಿತ್ತು. ಆ ದಿನಗಳಲ್ಲಿ ಮೋಡವೂ ಮುಚ್ಚಿತ್ತು, ಯೂರಿಯಾ ಒಂದೇ ಕಾರಣ ಅಂತ ಹೇಳಲಾರೆ. ಆದರೆ ಅವರೆ ತನ್ನ ಬೇರಿನ ಗಂಟುಗಳಲ್ಲೇ ಗಾಳಿಯ ಸಾರಜನಕ ಹಿಡಿದುಕೊಳ್ಳುವ ಗಿಡ, ಅದಕ್ಕೆ ಹಾಗೆ ಸುರಿಯಬೇಕಾಗಿರಲಿಲ್ಲ. ಆಮೇಲೆ ಔಷಧಿ ಅಂಗಡಿಯವರು ಕೊಟ್ಟದ್ದನ್ನು ಹೊಡೆದೆ. ಹೇನು ಸತ್ತವು, ಗುಲಗಂಜಿ ಹುಳುಗಳೂ ಸತ್ತವು. ಹದಿನೈದು ದಿನಕ್ಕೆ ಹೇನು ಮಾತ್ರ ವಾಪಸ್ ಬಂತು. ಗಿಡ ಕರೆದದ್ದಕ್ಕೆ ಬಂದವರನ್ನು ನಾನೇ ಕೊಂದಿದ್ದೆ.

ಈ ಸಲ ಹಾಗೆ ಮಾಡಲಿಲ್ಲ. ಜಾಸ್ತಿ ಹೇನು ತುಂಬಿದ ಕುಡಿಗಳನ್ನು ಚಿವುಟಿ ಬಕೆಟ್ಟಿನ ಸೋಪು ನೀರಿಗೆ ಹಾಕಿದೆ. ಅತ್ತೆ ಹೇಳಿದ ಹಾಗೆ ಬದುವಿನ ಕಡೆಯ ಎರಡು ಸಾಲಿಗೆ ಮಾತ್ರ ಒಲೆ ಬೂದಿ ಎರಚಿದೆವು, ಇಬ್ಬನಿ ಆರುವ ಮುಂಚೆ, ಬೂದಿ ಕಚ್ಚಿಕೊಳ್ಳಲಿ ಅಂತ. ಉಳಿದ ಸಾಲುಗಳನ್ನು ಹಾಗೇ ಬಿಟ್ಟೆ. ಅತ್ತೆಗೆ ಅದು ಸರಿ ಕಾಣಲಿಲ್ಲ. "ಸಂಕ್ರಾಂತಿಗೆ ಹಿದುಕಿದ ಬೇಳೆ ಸಾರಿಗೆ ಕಾಯಿ ಬೇಡ್ವಾ ನಿಂಗೆ?" ಅಂದರು.

ಹನ್ನೆರಡು ದಿನ ಬಿಟ್ಟು ಮತ್ತೆ ಹೋದೆ. ಬೂದಿ ಹಾಕದ ಸಾಲಿನಲ್ಲಿ ಒಂದು ಹೂದಂಟು ಬಗ್ಗಿಸಿ ಗಾಜು ಹಿಡಿದೆ. ಕಪ್ಪು ಹೇನುಗಳ ನಡುವೆ ಅಲ್ಲಲ್ಲಿ ಗೋಧಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಊದಿಕೊಂಡು, ದಂಟಿಗೆ ಅಂಟಿಕೊಂಡೇ ಸತ್ತ ಹೇನುಗಳು. ಲೆಕ್ಕ ಹಾಕಿದೆ, ಆ ಒಂದು ದಂಟಿನಲ್ಲೇ ಹದಿನೇಳು. ಅದರಲ್ಲಿ ಒಂಬತ್ತರ ಬೆನ್ನಿನಲ್ಲಿ ಸೂಜಿಯಿಂದ ಕೊರೆದ ಹಾಗೆ ದುಂಡನೆಯ ತೂತು. ಒಳಗೆ ಬೆಳೆದ ಕಣಜ ಹೊರಗೆ ಹಾರಿಹೋಗಿತ್ತು. ಅತ್ತೆಯ ಕೈಗೆ ಭೂತಗನ್ನಡಿ ಕೊಟ್ಟೆ. ತುಂಬಾ ಹೊತ್ತು ನೋಡಿದರು, ಆಮೇಲೆ ಪಕ್ಕದ ಗಿಡದ ಕುಡಿಯನ್ನೂ ತಾವೇ ಬಗ್ಗಿಸಿ ನೋಡಲು ಶುರು ಮಾಡಿದರು.